ಮನೆಯ ಗೂಡು, ಗೊಂಬೆಯ ಮೆಟ್ಟಿಲು

ಊರು ಬಿಟ್ಟು ಊರಿಗೆ ಬಂದ ಸಂಸಾರ ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸುತ್ತದೆ. ಹಾಲು ಉಕ್ಕಿದ ಮೇಲೆ ಮನೆಯಾಕೆ ಮಾಡುವ ಎರಡನೆಯ ಕೆಲಸ ಗೋಡೆಗಳನ್ನು ನೋಡುವುದು. ದೇವರಿಗೆ ಗೂಡು ಎಲ್ಲಿದೆ? ಉಪ್ಪಿನಕಾಯಿಯ ಜಾಡಿಗೆ ಹಲಗೆ ಎಲ್ಲಿದೆ? ಊರಿನಿಂದ ತಂದ ನಾಲ್ಕು ಸಾಮಾನುಗಳನ್ನು ಕಣ್ಣಿಗೆ ಕಾಣುವಂತೆ ಎಲ್ಲಿ ಇಡೋಣ? ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ನಮ್ಮಂಥ ಕನ್ನಡ ಮನೆಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ತೆರೆದ ಗೂಡುಗಳಿಂದಲೇ ಆರಂಭಿಸಬೇಕೆಂದು ನಮಗೆ ಅನೇಕ ಸಲ ಅನಿಸಿದೆ. ಬೀಗ ಹಾಕಿದ ಬೀರುವಿನಲ್ಲಿ ಇರುವುದು ಆಸ್ತಿ. ತೆರೆದ ಗೂಡಿನಲ್ಲಿ ಇರುವುದು ನೆನಪು.

ಗೂಡಿನ ಹೆಸರುಗಳನ್ನೇ ಮೊದಲು ನೋಡೋಣ. ಧಾರವಾಡದ ಕಡೆಯವರು ಗೋಡೆಯಲ್ಲಿ ಬಿಟ್ಟ ಗೂಡನ್ನು ‘ಮಾಡ’ ಎನ್ನುತ್ತಾರೆ. ಕೈ ಎತ್ತಿದರೆ ಎಟಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಹೋಗುವ ಹಲಗೆ ಅವರಿಗೆ ‘ನಾಗೊಂದಿಗೆ’. ಮೈಸೂರಿನ ಕಡೆಯವರಿಗೆ ಅದು ಬರಿಯ ಗೂಡು, ಅದರ ಮೇಲಿನದು ಅಟ್ಟ. ಇಲ್ಲಿಯ ತೆಲುಗು ಮನೆಗಳಲ್ಲಿಯೂ ದೀಪವಿಡುವ ಜಾಗ ಗೂಡೇ, ಮೇಲಿನದು ಅಟಕ. ಬಾಗಿಲಿರುವ ‘ಅಲಮಾರು’ ಮಾತ್ರ ಪೋರ್ಚುಗೀಸರಿಂದ ಬಂದ ಮಾತು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗೆ ಬಾಗಿಲಿನ ಹಂಗು ಇರಲಿಲ್ಲವೆಂದಲ್ಲ, ಪೆಟ್ಟಿಗೆಗಳಿದ್ದವು. ಆದರೆ ದಿನನಿತ್ಯ ಕೈಗೆ ಬೇಕಾದುದು, ಕಣ್ಣಿಗೆ ಬೇಕಾದುದು ಗೋಡೆಯ ಒಳಗೇ ಇರುತ್ತಿತ್ತು. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಒಂದು ಮಾಡ ಬಿಡುವುದಕ್ಕೆ ಕಾಸಿನ ಖರ್ಚಿಲ್ಲ.

ಗೋಡೆ ತೆಳುವಾಯಿತು; ಇಟ್ಟಿಗೆಯ ಮನೆಗಳು ಬಂದವು. ಆಗ ಮಾಡದ ಬದಲು ಬಂದದ್ದು ಕಪ್ಪು ಕಡಪ ಕಲ್ಲು. ಬೆಂಗಳೂರು, ಮೈಸೂರುಗಳಲ್ಲಿ ಬೆಳೆದ ನಮ್ಮಲ್ಲಿ ಬಹುಮಂದಿಯ ಅಡಿಗೆಮನೆಯ ಶೆಲ್ಫುಗಳು ಇದೇ ಕಲ್ಲಿನವು. ಆಂಧ್ರದ ಕಡಪ ಸೀಮೆಯ ಕಲ್ಲಿನ ಮೇಲೆ ನಮ್ಮ ತಾಯಂದಿರು ಹಿತ್ತಾಳೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿದರು. ಇತ್ತ ಆಂಧ್ರದ, ತೆಲಂಗಾಣದ ಎಷ್ಟೋ ಮನೆಗಳ ನೆಲಕ್ಕೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಹಾಸಿತ್ತು. ನಾವು ಈ ನಾಡಿಗೆ ಬರುವ ಮೊದಲೇ ಈ ನಾಡು ನಮ್ಮ ಅಡಿಗೆಮನೆಗೆ ಬಂದಿತ್ತು ಎಂಬುದನ್ನು ನಾವು ಬಹಳ ತಡವಾಗಿ ತಿಳಿದೆವು.

ತೆರೆದ ಗೂಡುಗಳಲ್ಲೆಲ್ಲ ಹಿರಿಯದು ವರ್ಷಕ್ಕೊಮ್ಮೆ ಒಂಬತ್ತು ದಿನ ಮಾತ್ರ ನಿಲ್ಲುವ ದಸರೆಯ ಗೊಂಬೆ ಮೆಟ್ಟಿಲು. ಇದಕ್ಕೆ ತೆಲುಗಿನಲ್ಲಿ ‘ಬೊಮ್ಮಲ ಕೊಲುವು’ ಎಂದು ಹೆಸರು. ಕೊಲುವು ಎಂದರೆ ಆಸ್ಥಾನ, ಓಲಗ. ಅಂದರೆ ಇದು ಅರಮನೆಯ ದರ್ಬಾರನ್ನು ನಡುಮನೆಗೆ ತಂದ ಏರ್ಪಾಡು. ಅರಮನೆಯ ದರ್ಬಾರಿನ ಕತೆಯಲ್ಲಿ ಈ ಕರಾವಳಿಗೂ ಒಂದು ಪಾತ್ರವಿದೆ. ಕೃಷ್ಣದೇವರಾಯ 1515ರಲ್ಲಿ ಕೊಂಡವೀಡು ಕೋಟೆಯನ್ನು ಗೆದ್ದು, ಬಳಿಕ ವಿಜಯವಾಡದ ಬಳಿಯ ಕೊಂಡಪಲ್ಲಿಯನ್ನು ಹಿಡಿದು, ಗಜಪತಿಗಳ ನಾಡಿನೊಳಗೆ ಸಾಗಿದ. 1516ರಲ್ಲಿ ವಿಶಾಖಪಟ್ಟಣದ ಪಕ್ಕದ ಸಿಂಹಾಚಲದಲ್ಲಿ ವರಾಹ ನರಸಿಂಹನಿಗೆ ಕಾಣಿಕೆಗಳನ್ನು ಅರ್ಪಿಸಿದ. ಆ ಶಾಸನ ಇಂದಿಗೂ ದೇವಾಲಯದಲ್ಲಿದೆ. ಕೆಲವೇ ವರ್ಷಗಳ ಮೇಲೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಮಹಾನವಮಿಯ ಒಂಬತ್ತು ದಿನಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಉತ್ಸವ ನಡೆಯುತ್ತಿದ್ದ ‘ವಿಜಯದ ಮನೆ’ಯನ್ನು ಅರಸ ಒರಿಯ ರಾಜನ ಮೇಲಿನ ಯುದ್ಧದಿಂದ ಹಿಂದಿರುಗಿದಾಗ ಕಟ್ಟಿಸಿದನೆಂದು ಅವನ ಹೇಳಿಕೆ. ಹಂಪೆಯಲ್ಲಿ ನಾವು ನೋಡುವ ಮಹಾನವಮಿ ದಿಬ್ಬದ ಕೆಳಗಿನ ಅಂತಸ್ತುಗಳು ಇನ್ನೂ ಹಳೆಯವೆಂದು ವಿದ್ವಾಂಸರು ಹೇಳುತ್ತಾರೆ. ಅದೇನೇ ಇರಲಿ, ಅಂತಸ್ತು ಅಂತಸ್ತಾಗಿ ಮೇಲೇರುವ ಆ ದಿಬ್ಬದ ವೈಭವಕ್ಕೂ ನಾವು ಇಂದು ಮನೆ ಮಾಡಿರುವ ಈ ಸೀಮೆಗೂ ನಂಟಿದೆ.

ವಿಜಯನಗರ ಅಳಿದ ಮೇಲೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ಗೊಂಬೆತೊಟ್ಟಿ ಇದೆ. ಮೈಸೂರು ಸೀಮೆಯ ಮನೆ ಮನೆಯಲ್ಲಿ ಗೊಂಬೆಯ ಮೆಟ್ಟಿಲು ಇದೆ. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಏಳು ಅಥವಾ ಒಂಬತ್ತು. ಅದರ ಮೇಲೆ ಬಿಳಿಯ ಬಟ್ಟೆ. ಎಲ್ಲಕ್ಕಿಂತ ಮೇಲೆ ಕಲಶ ಮತ್ತು ಪಟ್ಟದ ಗೊಂಬೆಗಳು. ಅವುಗಳ ಕೆಳಗೆ ದೇವತೆಗಳು, ದಶಾವತಾರ. ಆಮೇಲೆ ರಾಜರು, ಸಾಧುಸಂತರು. ಕೆಳಗಿನ ಮೆಟ್ಟಿಲಲ್ಲಿ ಮದುವೆಯ ದಿಬ್ಬಣ, ಹಳ್ಳಿಯ ಸಂತೆ, ಅಕ್ಕಿಬೇಳೆಯ ಗುಡ್ಡೆಗಳನ್ನು ಮುಂದಿಟ್ಟುಕೊಂಡ ಶೆಟ್ಟರು, ಶೆಟ್ಟಮ್ಮ. ಯಾವುದನ್ನು ಎಲ್ಲಿ ಇಡಬೇಕೆಂಬುದಕ್ಕೆ ಒಂದು ಕ್ರಮ. ಆ ಕ್ರಮದೊಳಗೆ ಮನೆಯಾಕೆಯ ಕಲ್ಪನೆಗೆ ಬೇಕಾದಷ್ಟು ಸ್ವಾತಂತ್ರ್ಯ. ಗೂಡನ್ನು ಅಂದಗೊಳಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಮಗೆ ತಿಳಿದಿಲ್ಲ.

ಮದುವೆಯಾಗಿ ಹೋಗುವ ಮಗಳ ಕೈಯಲ್ಲಿ ತಾಯಿ ಕೊಡುವ ಪಟ್ಟದ ಗೊಂಬೆಗಳನ್ನು ನಾವು ‘ಊರಿನಿಂದ ತಂದದ್ದು’ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹಳೆಯ ಜೋಡಿಗಳು ಹೆಚ್ಚಾಗಿ ರಕ್ತಚಂದನದವು. ಆ ಮರ ಸಹಜವಾಗಿ ಬೆಳೆಯುವುದು ಮುಖ್ಯವಾಗಿ ಆಂಧ್ರದ ಶೇಷಾಚಲ, ಕಡಪ ಸೀಮೆಯ ಬೆಟ್ಟಗಳಲ್ಲಿ. ನಮ್ಮ ಮನೆಯ ಅತ್ಯಂತ ಮೈಸೂರಿನ ವಸ್ತುವೇ ಆಂಧ್ರದ ಕಾಡಿನ ಮಗು!

ಹಾಗೆಯೇ, ಇಲ್ಲಿ ಕೊಂಡ ಗೊಂಬೆಗಳು ನಮಗೆ ಪರಕೀಯವೆನಿಸದೆ ಇರುವುದಕ್ಕೂ ಕಾರಣವಿದೆ. ವಿಜಯವಾಡದಿಂದ ಸುಮಾರು 20 ಕಿಲೋಮೀಟರು ದೂರದ ಕೊಂಡಪಲ್ಲಿಯಲ್ಲಿ ಕೋಟೆಯ ಬೆಟ್ಟದ ಕೆಳಗೆ ಗೊಂಬೆ ಮಾಡುವವರ ಕೇರಿಯಿದೆ. ಅವರು ತಮ್ಮನ್ನು ಆರ್ಯಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರೆಂದು ಹೇಳುತ್ತಾರೆ, ಅಂದರೆ ಅವರೂ ನಮ್ಮಂತೆ ವಲಸೆ ಬಂದವರು. ತೆಲ್ಲ ಪೊಣಿಕಿ ಎಂಬ ಹಗುರವಾದ ಮರವನ್ನು ಬಿಸಿಗೆ ಒಣಗಿಸಿ, ದೇಹವನ್ನು ಬೇರೆ, ಕೈಕಾಲುಗಳನ್ನು ಬೇರೆ ಕೆತ್ತಿ, ಹುಣಿಸೆಬೀಜದ ಅಂಟಿಗೆ ಮರದ ಹೊಟ್ಟು ಸೇರಿಸಿದ ಮಕ್ಕುವಿನಿಂದ ಕೂಡಿಸಿ, ಸುಣ್ಣ ಬಳಿದು, ಬಣ್ಣ ಹಚ್ಚುತ್ತಾರೆ. ನಮ್ಮ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರೂ ಹಗುರ ಮರದ ಮೇಲೆ ಅದೇ ಹುಣಿಸೆಬೀಜದ ಅಂಟನ್ನು ಬಳಸುತ್ತಾರೆ. ಕೊಂಡಪಲ್ಲಿಯ ಗೊಂಬೆಗಳಲ್ಲಿ ಬಹಳ ಹೆಸರಾದುದು ಯಾವುದು? ಅಂಬಾರಿ ಆನೆ. ಜಂಬೂಸವಾರಿ ನೋಡಲು ಮೈಸೂರಿಗೆ ಹೋಗಲಾಗದ ಎಷ್ಟೋ ವರ್ಷ ನಮ್ಮ ಮೆಟ್ಟಿಲಿನ ಮೇಲೆ ಈ ಆನೆಯೇ ಸವಾರಿ ಹೊರಟಿದೆ.

ವಿಶಾಖಪಟ್ಟಣದ ಕಡೆಗೆ ಬಂದರೆ ವರಾಹ ನದಿಯ ದಂಡೆಯ ಏಟಿಕೊಪ್ಪಾಕ. 2022ರಿಂದ ಅದು ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅಲ್ಲಿ ಅಂಕುಡು ಮರವನ್ನು ಚರಕಿ ಹಿಡಿದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಓದುವವರಿಗೆ ಚನ್ನಪಟ್ಟಣ ನೆನಪಾಗಿರಬೇಕು. ನೆನಪಾಗಲೇಬೇಕು, ಏಕೆಂದರೆ ಚನ್ನಪಟ್ಟಣದವರು ಹಾಲೆ ಮರವೆನ್ನುವುದೂ ಏಟಿಕೊಪ್ಪಾಕದವರು ಅಂಕುಡು ಎನ್ನುವುದೂ ಒಂದೇ ಮರ! ಇಲ್ಲಿ ಗಿಡಮೂಲಿಕೆಯ ಬಣ್ಣಗಳನ್ನು ಮತ್ತೆ ರೂಢಿಗೆ ತಂದ ಶ್ರೀ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರಪ್ರದೇಶದ ಸ್ತಬ್ಧಚಿತ್ರವೂ ಏಟಿಕೊಪ್ಪಾಕದ ಗೊಂಬೆಗಳದೇ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಗಳಲ್ಲಿ ಚರ್ಚೆ ನಡೆದೇ ಇದೆ. ಕರಾವಳಿ ಆಂಧ್ರದ ಅನೇಕ ಮನೆಗಳಲ್ಲಿ ಗೊಂಬೆ ಕೂರಿಸುವುದು ಸಂಕ್ರಾಂತಿಗೆ. ನಾವು ಕೂರಿಸುವುದು ದಸರೆಗೆ. ಭೋಗಿಯ ದಿನ ನೆರೆಮನೆಯವರು ಮಕ್ಕಳ ತಲೆಯ ಮೇಲೆ ರೇಗುಹಣ್ಣು ಸುರಿಯುವಾಗ, ನಮ್ಮ ಎಲಚಿಹಣ್ಣೂ ಅದೇ, ಎರೆಯುವುದೂ ಅದೇ ಎಂದು ಸಂತೋಷಪಟ್ಟ ಮಕ್ಕಳು ‘ನಮ್ಮ ಗೊಂಬೆ ಮಾತ್ರ ಯಾಕೆ ಪೆಟ್ಟಿಗೆಯಲ್ಲಿ?’ ಎಂದು ಕೇಳುತ್ತಾರೆ. ಕೆಲವು ಮನೆಗಳವರು ವರ್ಷಕ್ಕೆ ಎರಡು ಸಲ ಕೂರಿಸುತ್ತಾರೆ. ಅದರಲ್ಲಿ ತಪ್ಪೇನೂ ನಮಗೆ ಕಾಣದು. ಎರಡು ಸಲವೂ ಕೂರಿಸದ ಮನೆಗಳು ಹೆಚ್ಚುತ್ತಿರುವುದೇ ನಮ್ಮ ಚಿಂತೆ.

2024ರ ಸೆಪ್ಟೆಂಬರಿನ ಮೊದಲ ದಿನಗಳನ್ನು ವಿಜಯವಾಡದವರು ಮರೆಯಲಾರರು. ಬುಡಮೇರು ಉಕ್ಕಿ ಊರಿನ ತಗ್ಗು ಭಾಗಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನಮ್ಮ ಬಂಧುಗಳ ಮನೆಯೊಂದರಲ್ಲಿ ಗೊಂಬೆಯ ಟ್ರಂಕು ಮಂಚದ ಕೆಳಗಿತ್ತು. ಹಲವು ವರ್ಷಗಳಿಂದ ಅದನ್ನು ತೆರೆದವರಿಲ್ಲ. ಮೆಟ್ಟಿಲು ಹೂಡಲು ಪುರುಸೊತ್ತಿಲ್ಲ, ಜಾಗವಿಲ್ಲ ಎಂಬ ಮಾತು. ನೀರು ಇಳಿದ ಮೇಲೆ ತೆರೆದರೆ ಕೊಂಡಪಲ್ಲಿಯ ಗೊಂಬೆಗಳ ಅಂಟು ಬಿಟ್ಟು ಕೈಯೊಂದು ಕಡೆ, ಕಾಲೊಂದು ಕಡೆ. ಅರಗು ಬಳಿದ ಚನ್ನಪಟ್ಟಣದ, ಏಟಿಕೊಪ್ಪಾಕದ ಸಣ್ಣ ಗೊಂಬೆಗಳನ್ನು ಒರೆಸಿ ಇಟ್ಟುಕೊಳ್ಳಬಹುದಾಗಿತ್ತು. ಪಟ್ಟದ ಗೊಂಬೆಗಳೆರಡು ಮಾತ್ರ ಏನೂ ಆಗದೆ ಉಳಿದಿದ್ದವು; ಮನೆಯ ಅಜ್ಜಿ ಹಟ ಹಿಡಿದು ಅವುಗಳನ್ನು ದೇವರ ಪಟದ ಪಕ್ಕದ ಮೇಲಿನ ಶೆಲ್ಫಿನಲ್ಲಿಯೇ ಇರಿಸಿದ್ದರು.

ಆ ವರ್ಷ ದಸರೆಗೆ ತಿಂಗಳಷ್ಟೇ ಇತ್ತು. ಬಿಡಿಬಿಡಿಯಾದ ಗೊಂಬೆಗಳನ್ನು ಚೀಲದಲ್ಲಿ ಕಟ್ಟಿಕೊಂಡು ನಾವು ಅವರೊಡನೆ ಕೊಂಡಪಲ್ಲಿಗೆ ಹೋದೆವು. ವಯಸ್ಸಾದ ಒಬ್ಬ ಕೆಲಸಗಾರರು ತುಂಡುಗಳನ್ನು ಚಾಪೆಯ ಮೇಲೆ ಹರಡಿ, ಯಾವ ಕೈ ಯಾರದೆಂದು ಜೋಡಿಸುತ್ತ ಕುಳಿತರು. ಅಂಬಾರಿಯ ಆನೆಯನ್ನು ತಿರುವಿ ನೋಡಿ, ಇದು ತಮ್ಮ ತಂದೆಯ ಕಾಲದ ಕೆಲಸವೆಂದರು. ಹೋಗಿರುವುದು ಅಂಟೇ ಹೊರತು ಮರವಲ್ಲ, ಕೂಡಿಸಬಹುದು ಎಂದು ಧೈರ್ಯ ಹೇಳಿದರು. ಜೊತೆಗೆ ಬಂದಿದ್ದ ಮೊಮ್ಮಗಳು, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುವ ಹುಡುಗಿ, ಹಿಂದಿರುಗುವ ದಾರಿಯುದ್ದಕ್ಕೂ ಅಜ್ಜಿಯನ್ನು ಒಂದೊಂದು ಗೊಂಬೆಯ ಕತೆ ಕೇಳುತ್ತ ಬಂದಳು. ಅಜ್ಜಿಗೆ ಆ ಕತೆಗಳು ಬರುತ್ತಿದ್ದುದು ಕನ್ನಡದಲ್ಲಿ ಮಾತ್ರ. ಹುಡುಗಿ ತಿಳಿಯದ ಮಾತು ಬಂದಾಗಲೆಲ್ಲ ತಡೆದು ಕೇಳಿ ತಿಳಿದುಕೊಂಡಳು.

ಓದುವ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ನಮ್ಮ ಕೋರಿಕೆ ಇಷ್ಟೆ. ಮನೆ ಚಿಕ್ಕದಾದರೆ ಮೂರೇ ಮೆಟ್ಟಿಲು ಸಾಕು. ಅದೂ ಆಗದಿದ್ದರೆ ಗೋಡೆಗೆ ಒಂದೇ ಹಲಗೆ ಸಾಕು. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಕೊಂಡಪಲ್ಲಿಯ ಆನೆ ನಿಲ್ಲಲಿ, ಚನ್ನಪಟ್ಟಣದ ಬುಗುರಿಯ ಪಕ್ಕದಲ್ಲಿ ಏಟಿಕೊಪ್ಪಾಕದ ಬುಗುರಿ ನಿಲ್ಲಲಿ. ಮರದ ಗೊಂಬೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ಹಿತ್ತಾಳೆ ಕಂದುತ್ತದೆ, ಅದಕ್ಕೆ ವಾರಕ್ಕೊಮ್ಮೆ ಹುಣಿಸೆಹಣ್ಣು ತೋರಿಸಿ. ಆದರೆ ಬಾಗಿಲು ಹಾಕಬೇಡಿ. ಕಾಣುವಂತೆ ಇಟ್ಟದ್ದನ್ನು ಮಗು ಒಂದು ದಿನ ಕೈಗೆತ್ತಿಕೊಂಡು ‘ಇದೇನು?’ ಎಂದು ಕೇಳುತ್ತದೆ. ಆಗ ಕನ್ನಡದಲ್ಲಿ ಉತ್ತರ ಹೇಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು.