ಗಡಿ ತಾಲೂಕುಗಳ ಶಾಲೆ: ಕಸುಬು ಮತ್ತು ಪರಭಾಷೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಗುವಿಗೆ ಪರಭಾಷೆ ಹೊಸದಲ್ಲ. ಮುಂಬಯಿ ಪ್ರಾಂತದ ಆಳ್ವಿಕೆಯಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುವ ಮುನ್ನ, ಈ ಸೀಮೆಯ ಎಷ್ಟೋ ಕನ್ನಡ ಮಕ್ಕಳು ಮರಾಠಿಯಲ್ಲಿಯೇ ಲೆಕ್ಕ ಕಲಿಯಬೇಕಾಗಿತ್ತು. ಸಂತೆಯಲ್ಲಿ ಸಲೀಸಾಗಿ ಒಲಿಯುವ ಮರಾಠಿ ಶಾಲೆಯಲ್ಲಿ ಹೊರೆಯಾಯಿತು. ಅಲ್ಲಿ ಮಾತಿಗೆ ಕೆಲಸದ ಆಸರೆ ಇರಲಿಲ್ಲ.

ಆ ಆಸರೆಯನ್ನು 1937ರ ವಾರ್ಧಾ ಶಿಕ್ಷಣ ಯೋಜನೆ ಗುರುತಿಸಿತು. ಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನು ಕಲಿಸಬೇಕೆಂದ ಅದು ಇಂಗ್ಲಿಷನ್ನು ಮಾತ್ರ ಹೊರಗಿಟ್ಟಿತು. 2019ರಲ್ಲಿ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅದರೊಂದಿಗೆ ಕಸುಬು ಬರಲಿಲ್ಲ. ಎರಡೂ ಅರ್ಧ ಪ್ರಯೋಗಗಳೇ.

ಇವೆರಡನ್ನೂ ಬೆಸೆಯಬಲ್ಲ ಸಾಮಗ್ರಿ ಈ ತಾಲೂಕುಗಳಲ್ಲಿಯೇ ಇದೆ. ಅಥಣಿ, ನಿಪ್ಪಾಣಿಗಳ ಚಪ್ಪಲಿ ಕಸುಬನ್ನೇ ನೋಡಬಹುದು. ಜಾಲಿ ತೊಗಟೆ, ಅಳಲೆಕಾಯಿಗಳಿಂದ ತೊಗಲು ಹದಗೊಳಿಸುವಲ್ಲಿ ರಸಾಯನಶಾಸ್ತ್ರವಿದೆ; ಪಾದದ ಅಳತೆಯಲ್ಲಿ ಗಣಿತವಿದೆ. ಕೊಲ್ಹಾಪುರಿ ಎಂಬ ಹೆಸರಿನ ಈ ಚಪ್ಪಲಿಯ ಭೌಗೋಳಿಕ ಸೂಚಿ ಮಹಾರಾಷ್ಟ್ರ, ಕರ್ನಾಟಕಗಳ ತಲಾ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಬೆಳಗಾವಿ ಅವುಗಳಲ್ಲೊಂದು ಎಂಬಲ್ಲಿ ಚರಿತ್ರೆಯೇ ಇದೆ. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇಂಥದೇ ಚಪ್ಪಲಿಗಳನ್ನು ಮಿಲಾನಿನಲ್ಲಿ, ಮೂಲವನ್ನು ಹೆಸರಿಸದೆ, ಪ್ರದರ್ಶಿಸಿತು. ಆ ಮೂಲವನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸುವುದು ಅಥಣಿಯ ಏಳನೆಯ ತರಗತಿಗೆ ತಕ್ಕ ಪಾಠವೇ ಆಗಿತ್ತು.