ಮುಳುಗಿದ ಹಡಗು ಮತ್ತೆ ತೇಲಿದಾಗ

ಚದುರಂಗದ ಮಣೆಯ ಮುಂದೆ ಕುಳಿತವರು ತಾವೊಂದು ಸೈನ್ಯವನ್ನು ನಡೆಸುತ್ತಿದ್ದೇವೆ ಎಂದು ಯೋಚಿಸುವುದು ಅಪರೂಪ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆಗೆ ಚತುರಂಗ ಬಲವೆಂದು ಹೆಸರು; ಆ ಹೆಸರೇ ಆಟಕ್ಕೂ ಅಂಟಿಕೊಂಡಿತು. ಆದರೆ ಯುದ್ಧದ ಒಂದು ಮುಖ್ಯ ಗುಣ ಈ ಆಟದಲ್ಲಿಲ್ಲ. ಎದುರಾಳಿಯ ಕಾಯಿಗಳೆಲ್ಲ ಕಣ್ಣ ಮುಂದೆಯೇ ಇರುತ್ತವೆ. ಕುದುರೆ ದಾರಿ ತಪ್ಪುವುದಿಲ್ಲ, ಕಾಲಾಳು ಹೆದರಿ ಓಡುವುದಿಲ್ಲ. ನಿಜವಾದ ರಣರಂಗದಲ್ಲಾದರೋ ಶತ್ರು ಎಲ್ಲಿದ್ದಾನೆ ಎಂಬುದೇ ಅರ್ಧ ಸಮಸ್ಯೆ.

ಈ ಕೊರತೆಯನ್ನು ತುಂಬಲು ಹೊರಟವರು ಪ್ರಷ್ಯಾದ ಒಬ್ಬ ತಂದೆ ಮತ್ತು ಮಗ. ತಂದೆ ರೈಸ್‌ವಿಟ್ಸ್ 1812ರಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂನಿಗಾಗಿ ಒಂದು ವಿಚಿತ್ರ ಮೇಜನ್ನು ಮಾಡಿಸಿಕೊಟ್ಟ. ಗುಡ್ಡ, ಹೊಳೆ, ಹಳ್ಳಿಗಳ ಬಿಲ್ಲೆಗಳನ್ನು ಅದರ ಮೇಲೆ ಬೇಕಾದಂತೆ ಜೋಡಿಸಿ ಯುದ್ಧವಾಡಬಹುದಿತ್ತು. ಫಿರಂಗಿ ದಳದ ಅಧಿಕಾರಿಯಾಗಿದ್ದ ಮಗ ಅದನ್ನು ತಿದ್ದಿ 1824ರಲ್ಲಿ ನಿಯಮಗಳ ಪುಸ್ತಕವನ್ನೇ ಹೊರತಂದ. ‘ಕ್ರೀಗ್‌ಷ್ಪೀಲ್’, ಅಂದರೆ ಯುದ್ಧದಾಟ ಎಂದು ಇದರ ಹೆಸರು.

ಮಗನ ಆಟದಲ್ಲಿ ಮೇಜಿನ ಬದಲು ವಿವರವಾದ ನಕ್ಷೆ ಬಂತು. ಕೆಂಪು, ನೀಲಿ ತುಂಡುಗಳು ಎರಡು ಸೈನ್ಯಗಳು. ಒಂದೊಂದು ಸರದಿಯೂ ಎರಡು ನಿಮಿಷದ ಯುದ್ಧಕ್ಕೆ ಸಮ. ಸಾವುನೋವುಗಳ ಲೆಕ್ಕಕ್ಕೆ ಕೋಷ್ಟಕಗಳು, ಅದೃಷ್ಟದ ಪಾಲಿಗೆ ದಾಳ. ಆದರೆ ಆಟದ ಜೀವಾಳ ಇವು ಯಾವುವೂ ಅಲ್ಲ, ನಡುವೆ ನಿಂತ ತೀರ್ಪುಗಾರ. ಎರಡು ಪಕ್ಷಗಳೂ ತಮ್ಮ ಆಜ್ಞೆಗಳನ್ನು ಅವನಿಗೆ ಬರೆದು ಕೊಡಬೇಕು. ನಿಜವಾದ ಯುದ್ಧದಲ್ಲಿ ಕಣ್ಣಿಗೆ ಬೀಳಬಹುದಾದ ಶತ್ರುದಳವನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಾನೆ. ಮೊದಮೊದಲು ಉದಾಸೀನದಿಂದ ನೋಡುತ್ತಿದ್ದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್, ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂದು ಉದ್ಗರಿಸಿದನಂತೆ. ಇಡೀ ಸೈನ್ಯಕ್ಕೆ ಅವನೇ ಇದನ್ನು ಶಿಫಾರಸು ಮಾಡಿದ. ಪ್ರಷ್ಯಾ 1866ರಲ್ಲಿ ಆಸ್ಟ್ರಿಯಾವನ್ನೂ 1870–71ರಲ್ಲಿ ಫ್ರಾನ್ಸನ್ನೂ ಸೋಲಿಸಿದ ಮೇಲೆ ಉಳಿದ ದೇಶಗಳ ಸೇನಾಧಿಕಾರಿಗಳೂ ನಕ್ಷೆ ಹರಡಿ ಕುಳಿತರು.

ತೀರ್ಪುಗಾರನ ಮಾತು ನಡೆಯುವಷ್ಟು ಕಾಲ ಇದು ಪಾಠಶಾಲೆ. ಆದರೆ ಆ ಜಾಗದಲ್ಲಿ ಮೇಲಧಿಕಾರಿಯೇ ಕುಳಿತರೆ?

1942ರ ಮೇ ತಿಂಗಳ ಮೊದಲ ದಿನಗಳು. ಜಪಾನಿನ ‘ಯಮಾಟೊ’ ಯುದ್ಧನೌಕೆಯ ಮೇಲೆ ಮಿಡ್‌ವೇ ದ್ವೀಪದ ಆಕ್ರಮಣವನ್ನು ಆಡಿ ನೋಡುತ್ತಿದ್ದರು. ಅಧ್ಯಕ್ಷತೆ ವಹಿಸಿದ್ದವನು ನೌಕಾಪಡೆಯ ಮುಖ್ಯ ಸಿಬ್ಬಂದಿ ಅಧಿಕಾರಿ ಉಗಾಕಿ. ಪರೀಕ್ಷೆಗೆ ಕೂತ ಯೋಜನೆ ಅವನ ಪಡೆಯದೇ. ಆಟದ ನಡುವೆ ಅಮೆರಿಕದ ವಿಮಾನಗಳು ಜಪಾನಿನ ವಿಮಾನವಾಹಕ ನೌಕೆಗಳ ಮೇಲೆರಗಿದವು. ಓಕುಮಿಯಾ ಎಂಬ ಅಧಿಕಾರಿ ದಾಳ ಉರುಳಿಸಿದ. ಒಂಬತ್ತು ಬಾಂಬುಗಳು ಬಿದ್ದವು, ‘ಅಕಾಗಿ’, ‘ಕಾಗಾ’ ಎರಡೂ ಮುಳುಗಿದವು ಎಂದು ತೀರ್ಪಾಯಿತು. ಉಗಾಕಿ ಒಪ್ಪಲಿಲ್ಲ. ಬಿದ್ದದ್ದು ಮೂರೇ ಎಂದು ತಿದ್ದಿದ. ಅಕಾಗಿ ಬದುಕಿತು. ಮುಳುಗಿದ್ದ ಕಾಗಾ ಕೂಡ ಮುಂದಿನ ಕಾರ್ಯಾಚರಣೆಯ ಆಟದಲ್ಲಿ ಮತ್ತೆ ತೇಲಿ ಬಂತು! ಯುದ್ಧ ಮುಗಿದ ಮೇಲೆ ಓಕುಮಿಯಾ ಮತ್ತು ಫುಚಿಡಾ ಬರೆದ ಪುಸ್ತಕದಿಂದ ಈ ಸಂಗತಿ ಲೋಕಕ್ಕೆ ತಿಳಿಯಿತು.

ಉಗಾಕಿಯ ಪರವಾಗಿಯೂ ಒಂದು ಮಾತಿದೆ. ಮಿಡ್‌ವೇ ದ್ವೀಪದಿಂದ ಹಾರಿಬಂದ ವಿಮಾನಗಳ ಬಾಂಬು ನಿಜವಾದ ಕದನದಲ್ಲಿ ಈ ನೌಕೆಗಳ ಮೇಲೆ ಒಂದೂ ಬೀಳಲಿಲ್ಲ. ಹಾಗೆ ನೋಡಿದರೆ ಒಂಬತ್ತೆಂಬುದು ಹೆಚ್ಚೇ. ಆದರೆ ದಾಳ ಎತ್ತಿದ್ದು ಅಂಕಿಯ ಪ್ರಶ್ನೆಯನ್ನಲ್ಲ. ನಮ್ಮ ಹಡಗುಗಳು ಮುಳುಗಿದರೆ ಮುಂದೇನು ಎಂಬ ಪ್ರಶ್ನೆಯನ್ನು. ಅಂಕಿಯನ್ನು ತಿದ್ದಿದೊಡನೆ ಪ್ರಶ್ನೆಯೂ ಮೂಲೆಗೆ ಸರಿಯಿತು. ಜೂನ್ 4ರಂದು ಅಮೆರಿಕದ ವಿಮಾನವಾಹಕಗಳಿಂದ ಬಂದ ಬಾಂಬರುಗಳು ಅಕಾಗಿ, ಕಾಗಾ, ಸೋರ್ಯು ನೌಕೆಗಳನ್ನು ಕೆಲವೇ ನಿಮಿಷಗಳಲ್ಲಿ ಬೆಂಕಿಗೆ ಆಹುತಿ ಮಾಡಿದವು. ಸಂಜೆಯ ಹೊತ್ತಿಗೆ ಹಿರ್ಯುವಿನ ಸರದಿ. ಈ ಸಲ ಯಾವುದೂ ತೇಲಿ ಬರಲಿಲ್ಲ.

ಅದೇ 1942ರಲ್ಲಿ, ಭೂಗೋಳದ ಇನ್ನೊಂದು ಬದಿಯ ಲಿವರ್‌ಪೂಲ್‌ನಲ್ಲಿ ಮತ್ತೊಂದು ಆಟ ನಡೆದಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಆಹಾರ, ತೈಲ ತರುವ ಹಡಗುಗಳನ್ನು ಒಂದೊಂದಾಗಿ ನುಂಗುತ್ತಿದ್ದವು. ಕ್ಷಯರೋಗದಿಂದ ನೌಕಾಪಡೆ ಬಿಟ್ಟಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಮತ್ತೆ ಕರೆಸಿ, ಇದಕ್ಕೆ ಉಪಾಯ ಹುಡುಕು ಎಂದರು. ಅವನಿಗೆ ಸಿಕ್ಕ ಸಹಾಯಕರಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗದ ಎಳೆಯ ತರುಣಿಯರು. ಕೋಣೆಯ ನೆಲವೇ ಅಟ್ಲಾಂಟಿಕ್ ಸಾಗರವಾಯಿತು. ಸೀಮೆಸುಣ್ಣದ ಗೆರೆಗಳೇ ಹಡಗುಗಳ ದಾರಿ. ಬೆಂಗಾವಲು ಹಡಗಿನ ಕ್ಯಾಪ್ಟನ್ನರು ಪರದೆಯ ಹಿಂದೆ ನಿಂತು ಕಿಂಡಿಯಲ್ಲಿ ಇಣುಕಬೇಕು. ಕಡಲಿನಲ್ಲಿ ಕಾಣುವಷ್ಟೇ ಅಲ್ಲಿಯೂ ಕಾಣುತ್ತಿತ್ತು.

ಹಿಂದಿನ ದಾಳಿಗಳನ್ನು ನೆಲದ ಮೇಲೆ ಮತ್ತೆ ಆಡಿ ನೋಡಿದಾಗ ಒಂದು ಗುಟ್ಟು ಬಯಲಾಯಿತು. ಜಲಾಂತರ್ಗಾಮಿಗಳು ದೂರದಿಂದ ಹೊಡೆಯುತ್ತಿರಲಿಲ್ಲ. ರಾತ್ರಿ ಹಿಂದಿನಿಂದ ಹಡಗುಗಳ ಸಾಲಿನೊಳಕ್ಕೇ ನುಸುಳುತ್ತಿದ್ದವು. ಬೆಂಗಾವಲಿನವರು ಹೊರಗೆ ಹುಡುಕುತ್ತಿದ್ದಾಗ ಕಳ್ಳ ಮನೆಯೊಳಗೇ ಇದ್ದ! ಕಳ್ಳನನ್ನು ಒಳಗೇ ಹಿಡಿಯುವ ತಂತ್ರಕ್ಕೆ ಆ ತರುಣಿಯರಲ್ಲೊಬ್ಬಳು, ಹಿಟ್ಲರನಿಗೆ ಅಣಕವೆಂದು, ‘ರಾಸ್ಬೆರಿ’ ಎಂಬ ತಮಾಷೆಯ ಹೆಸರಿಟ್ಟಳು. ಸಾವಿರಾರು ಅಧಿಕಾರಿಗಳು ಆ ಕೋಣೆಯಲ್ಲಿ ಕಲಿತು ಕಡಲಿಗೆ ಹೋದರು.

ಮೊದಲ ಮಹಾಯುದ್ಧದಲ್ಲಿ ತಾನೇ ಜಲಾಂತರ್ಗಾಮಿ ನಡೆಸಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಮ್ಮೆ ಇಲ್ಲಿಗೆ ಬಂದು, ಶತ್ರುವಿನ ಪಾತ್ರ ವಹಿಸಿ ಆಡಿದನಂತೆ. ಜಾನೆಟ್ ಓಕೆಲ್ ಎಂಬ ತರುಣಿ ಅವನನ್ನು ಐದು ಬಾರಿ ಮುಳುಗಿಸಿದಳು. ಅಡ್ಮಿರಲ್ ಎಂದು ಯಾರೂ ಲೆಕ್ಕ ತಿದ್ದಲಿಲ್ಲ. 1943ರ ಮೇ ತಿಂಗಳಲ್ಲಿ ಜರ್ಮನಿ ತನ್ನ ಜಲಾಂತರ್ಗಾಮಿಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆಗೆಯಿತು. ರೇಡಾರ್, ದೂರ ಹಾರುವ ವಿಮಾನ, ಬಿಡಿಸಿದ ಗೂಢಲಿಪಿ, ಎಲ್ಲಕ್ಕೂ ಅದರಲ್ಲಿ ಪಾಲಿದೆ, ಸೀಮೆಸುಣ್ಣಕ್ಕೂ ಇದೆ.

ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದ ಮೇಲೆ ಈ ಆಟ ಮನೆಮನೆಯ ಹವ್ಯಾಸವೂ ಆಯಿತು. ಹಳೆಯ ಕದನಗಳನ್ನು ಮೇಜಿನ ಮೇಲೆ ಮತ್ತೆ ಆಡುವವರು ಈಗ ಪಾಡ್‌ಕಾಸ್ಟ್‌ಗಳಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅವರ ಮೇಜಿನ ಮೇಲೆ ಯಾರು ಸೋತರೂ ಯಾರೂ ಸಾಯುವುದಿಲ್ಲ. ಕಾಗಾ ನೌಕೆಯಲ್ಲಿದ್ದ ನೂರಾರು ನಾವಿಕರಿಗೆ ಆ ಭಾಗ್ಯವಿರಲಿಲ್ಲ. ಯುದ್ಧದಾಟ ಭವಿಷ್ಯ ಹೇಳುವ ಜ್ಯೋತಿಷ್ಯವಲ್ಲ. ಸೋಲು ಹೇಗೆ ಬಂದೀತು ಎಂಬುದನ್ನು ಮುಂಚೆಯೇ ತೋರಿಸುವ ಕನ್ನಡಿ ಅದು. ಕನ್ನಡಿಯಲ್ಲಿ ಕಂಡ ಕಲೆಯನ್ನು ಮುಖದಿಂದ ಒರೆಸಿಕೊಳ್ಳಬೇಕೇ ಹೊರತು ಕನ್ನಡಿಯಿಂದಲ್ಲ.