‘ಹುಚ್ಚುಚ್ಚಾರ’: ಕಮತಗಿ ಸೀಮೆಯ ಒಂದು ಪದ

1. ತಲೆಬುಡವಿಲ್ಲದ್ದನ್ನು ಹೇಳಲು ಬರಹದ ಕನ್ನಡ ‘ಅಸಂಬದ್ಧ’, ‘ಅಸಂಗತ’, ‘ಆಭಾಸ’ಗಳನ್ನು ಬಳಸುತ್ತದೆ; ಮೂರೂ ಸಂಸ್ಕೃತ ಪದಗಳು. ಬಾಗಲಕೋಟೆ–ಹುನಗುಂದ ಸೀಮೆಯ ಆಡುಮಾತಿನಲ್ಲಿ ಆ ಜಾಗದಲ್ಲಿ ಬರುವ ಮಾತು ‘ಹುಚ್ಚುಚ್ಚಾರ’. ಇದರ ಮೂಲಪದ ‘ಹುಚ್ಚು’ ಅದೇ ಸೀಮೆಯ ಕಮತಗಿಯಲ್ಲಿ ಪೂಜ್ಯನಾಮದಲ್ಲೂ ಇದೆ: ಊರಿನ ಮಠ ಹುಚ್ಚೇಶ್ವರ ಮಠ.

2. ‘ಹುಚ್ಚುಚ್ಚಾರ’ವನ್ನು ಎರಡು ಬಗೆಯಲ್ಲಿ ಬಿಡಿಸಬಹುದು.

(ಅ) ಹುಚ್ಚು + ಉಚ್ಚಾರ. ಹೀಗಾದರೆ ಪದ ಮಾತಿಗೆ ಮಾತ್ರ ಹೊಂದಬೇಕು. ಆದರೆ ‘ಹುಚ್ಚುಚ್ಚಾರ ಕುಣಿದ’, ‘ಹುಚ್ಚುಚ್ಚಾರ ರೊಕ್ಕ ಹಾಕಿದ’ ಎಂಬ ಬಳಕೆಯೂ ಸಹಜವೇ.

(ಆ) ಹುಚ್ಚು + ಹುಚ್ಚು + ಆರ. ‘ಹುಚ್ಚುಹುಚ್ಚಾಗಿ’ ಎಂಬುದು ‘ಹುಚ್ಚುಚ್ಚಾಗಿ’ ಆಗುವಾಗ ಎರಡನೆಯ ಹಕಾರ ಬಿದ್ದುಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಗಿರಬಹುದು. ‘ಆರ’ಕ್ಕೆ ‘ಕಣ್ಣಾರ’, ‘ಮನಸಾರ’ಗಳ ಹೋಲಿಕೆಯಿದೆ. ಎರಡನೆಯದೇ ಹೆಚ್ಚು ಸಂಭಾವ್ಯ. ಮೊದಲನೆಯದನ್ನು ಪೂರ್ತಿ ತಳ್ಳಿಹಾಕಲಾಗದು, ಏಕೆಂದರೆ ಮಾತಿಗೆ ಹುಟ್ಟಿದ ಪದ ಮುಂದೆ ನಡತೆಗೂ ಹಬ್ಬಬಲ್ಲದು.

3. ‘ಹುಚ್ಚೇಶ್ವರ’ದ ಸಂಧಿ ಗಮನಾರ್ಹ. ಕನ್ನಡದ ಲೋಪಸಂಧಿಯಂತೆ ‘ಹುಚ್ಚೀಶ್ವರ’ ಆಗಬೇಕಿತ್ತು. ಆಗಿರುವುದು ಗುಣಸಂಧಿಯ ರೂಪ. ಪಟ್ಟದಕಲ್ಲಿನ ‘ವಿಜಯೇಶ್ವರ’ದಲ್ಲಿ (ಇಂದಿನ ಸಂಗಮೇಶ್ವರ) ಪೂರ್ವಪದ ಸಂಸ್ಕೃತ, ಗುಣಸಂಧಿ ಸಲ್ಲುತ್ತದೆ. ‘ಹುಚ್ಚೇಶ್ವರ’ದಲ್ಲಿ ಪೂರ್ವಪದ ಅಚ್ಚಗನ್ನಡ. ‘ಕೊಟ್ಟೂರೇಶ್ವರ’ದಲ್ಲಿ ಉಕಾರಾಂತ ಪದಕ್ಕೂ ಏಕಾರವೇ ಬಂದಿದೆ. ಆದ್ದರಿಂದ ‘-ಏಶ್ವರ’ ಒಂದು ಇಡಿಯ ಪ್ರತ್ಯಯದಂತೆ ಬೇರೂರಿರಬೇಕೆಂದು ಊಹಿಸುವುದು ಹೆಚ್ಚು ಸುರಕ್ಷಿತ.

4. ಇದೇ ‘ಹುಚ್ಚು’ ಗುಡಿಯ ಹೆಸರಿನಲ್ಲೂ ಇದೆ. ಐಹೊಳೆಯ ಹುಚ್ಚಿಮಲ್ಲಿ ಗುಡಿಯಲ್ಲಿ ಬಾದಾಮಿ ಚಾಲುಕ್ಯ ವಿಜಯಾದಿತ್ಯನ (ಆಳ್ವಿಕೆ 696–733) ಶಾಸನವಿದೆ. ಗುಡಿಯ ಹೆಸರಿನ ಈ ರೂಪ ಅಷ್ಟು ಹಳೆಯದಿರಲಾರದು: ಪಕಾರ ಹಕಾರವಾದದ್ದು ಸುಮಾರು 10ನೇ ಶತಮಾನದಿಂದ ಈಚೆಗೆ, ಕೇಶಿರಾಜನ ಶಬ್ದಮಣಿದರ್ಪಣ (ಸು. 1260) ಅದನ್ನು ಲಕ್ಷಿಸುತ್ತದೆ. ಒಂದು ಎಚ್ಚರ ಅಗತ್ಯ. ‘ಪುಚ್ಚು’ ಹಳೆಯ ರೂಪವಾದ್ದರಿಂದ ಹಕಾರ ಉಚ್ಚಾರದ ಕಾಲವನ್ನಷ್ಟೇ ಹೇಳುತ್ತದೆ, ಹೆಸರಿಟ್ಟ ಕಾಲವನ್ನಲ್ಲ. ಆದರೂ ಲಾಡಖಾನ್ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯ ಗುಡಿಗಳಂತೆ ಇದೂ ಮುಂದಿನವರು ಕರೆದ ಹೆಸರೆಂಬುದೇ ಒಪ್ಪುವ ಮಾತು.

5. ಹೆಸರಿನಲ್ಲಿ ‘ಹುಚ್ಚ’ ಬಹುಮಟ್ಟಿಗೆ ಒಂಟಿಯಾಗಿ ನಿಲ್ಲದು. ಅಪ್ಪ, ಅಯ್ಯ, ಅವ್ವ, ಈಶ್ವರ ಯಾವುದಾದರೊಂದು ಜೊತೆಗಿರುತ್ತದೆ. ಅಸಂಬದ್ಧತೆಯ ಅರ್ಥದಲ್ಲಿ ಅದು ‘ಹುಚ್ಚಾಟ’ದಂತೆ ಸಮಾಸವಾಗುತ್ತದೆ, ಇಲ್ಲವೇ ಇಮ್ಮಡಿಸುತ್ತದೆ. ‘ಹುಚ್ಚಪ್ಪಾ, ಹುಚ್ಚುಚ್ಚಾರ ಮಾತಾಡಬ್ಯಾಡ’ ಎಂದರೆ ಕೇಳುವವರಿಗೆ ಎಲ್ಲಿಯೂ ತೊಡಕಾಗದು. ಮೊದಲ ಪದ ಹೆಸರು, ಎರಡನೆಯದು ಕ್ರಿಯಾವಿಶೇಷಣ.